ಬಿಪಿ ಇದ್ದವರು ಭಾರ ಎತ್ತಬಹುದೇ?

ಮನೆಯಲ್ಲಿ ಯಾರಿಗಾದರೂ ಬಿಪಿ ಇದೆಯೆಂದು ಗೊತ್ತಾದ ದಿನದಿಂದ ಕೆಲವು ಕೆಲಸಗಳು ಅವರ ಕೈಯಿಂದ ಜಾರಿಹೋಗುತ್ತವೆ. ನೀರಿನ ಬಿಂದಿಗೆಯನ್ನು ಮಗ ಎತ್ತುತ್ತಾನೆ, ಅಕ್ಕಿ ಮೂಟೆಯನ್ನು ಅಂಗಡಿಯ ಹುಡುಗನೇ ಒಳಗಿಟ್ಟು ಹೋಗುತ್ತಾನೆ, ಗ್ಯಾಸ್ ಸಿಲಿಂಡರನ್ನಂತೂ ಮುಟ್ಟಲೂ ಬಿಡುವುದಿಲ್ಲ. ‘ಭಾರ ಎತ್ತಬೇಡಿ, ಬಿಪಿ ಏರುತ್ತೆ’ ಎಂಬ ಮಾತು ವೈದ್ಯರ ಚೀಟಿಯಲ್ಲಿ ಇರಲಿ ಬಿಡಲಿ, ಮನೆಮಂದಿಯ ಬಾಯಲ್ಲಿ ಇದ್ದೇ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಶೇ 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡವಿದೆ. ಅಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಈ ಮಾತನ್ನು ಕೇಳುವ ಸರದಿಯಲ್ಲಿದ್ದಾರೆ. ಇವರಿಗೆಲ್ಲ ಸಿಗುವ ಸಲಹೆ ಮೂರೇ: ಉಪ್ಪು ಕಡಿಮೆ ಮಾಡಿ, ಮಾತ್ರೆ ತಪ್ಪಿಸಬೇಡಿ, ದಿನಾ ನಡೆಯಿರಿ. ಮೂರೂ ಸರಿಯೇ. ಆದರೆ ಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮ ಈ ಪಟ್ಟಿಯಲ್ಲಿ ಇಲ್ಲದಿರುವುದು ಮಾತ್ರ ಸರಿಯಲ್ಲ. ಭಾರ ಎತ್ತುವಾಗ ಬಿಪಿ ಏರುತ್ತದೆ ಎಂಬುದು ನಿಜ. ಆದ್ದರಿಂದ ಎತ್ತಲೇಬಾರದು ಎಂಬ ತೀರ್ಮಾನಕ್ಕೆ ಕಳೆದ ನಾಲ್ಕು ದಶಕಗಳ ಅಧ್ಯಯನಗಳ ಬೆಂಬಲವಿಲ್ಲ.

ಭಯಕ್ಕೆ ಆಧಾರವಿಲ್ಲ ಎನ್ನುವಂತಿಲ್ಲ. 1985ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಪಳಗಿದ ಐವರು ದೇಹದಾರ್ಢ್ಯ ಪಟುಗಳ ತೋಳಿನ ರಕ್ತನಾಳದೊಳಗೇ ಸಣ್ಣ ಕೊಳವೆ ಇಟ್ಟು, ಅವರು ಭಾರ ಎತ್ತುತ್ತಿರುವಾಗಲೇ ಒತ್ತಡ ಅಳೆದರು. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಸಾಮಾನ್ಯ ಯಂತ್ರಕ್ಕೆ ಕ್ಷಣಕ್ಷಣದ ಏರಿಳಿತ ಸಿಕ್ಕುವುದಿಲ್ಲ, ಅದಕ್ಕೆಂದೇ ಈ ವಿಧಾನ. ಎರಡೂ ಕಾಲುಗಳಿಂದ ಭಾರೀ ತೂಕವನ್ನು ಒದ್ದು ತಳ್ಳುವ ಲೆಗ್ ಪ್ರೆಸ್‌ನಲ್ಲಿ ಅವರ ಸರಾಸರಿ ಒತ್ತಡ 320/250ಕ್ಕೆ ಏರಿತ್ತು. ಒಬ್ಬರಲ್ಲಂತೂ 480/350ನ್ನೂ ದಾಟಿತು. ಸುಮ್ಮನೆ ಕುಳಿತಾಗ 120/80 ಇರಬೇಕಾದ ಜಾಗದಲ್ಲಿ ಇಂಥ ಅಂಕಿ ಕಂಡರೆ ಯಾವ ವೈದ್ಯರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ಅದೇ ಅಧ್ಯಯನದ ಇನ್ನೊಂದು ಭಾಗ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಕೊನೆಯ ಎತ್ತು ಮುಗಿದ ಕೆಲವೇ ಸೆಕೆಂಡುಗಳಲ್ಲಿ ಒತ್ತಡ ಸರ್ರನೆ ಇಳಿದು ಮೊದಲಿನ ಮಟ್ಟಕ್ಕೆ, ಅದಕ್ಕೂ ಸ್ವಲ್ಪ ಕೆಳಕ್ಕೆ ಬಂದಿತ್ತು. ಮೇಲಾಗಿ, ಆ ಐವರು ತಮ್ಮ ಶಕ್ತಿಯ ಕೊನೆಯ ಅಂಚಿನಲ್ಲಿ, ಇನ್ನೊಂದು ಸಲ ತಳ್ಳಲಾರೆ ಎನ್ನುವವರೆಗೆ ತಳ್ಳಿದ್ದರು. ಹೃದ್ರೋಗಿಗೆ ಯಾರೂ ಹೇಳಿಕೊಡದ ವಿಧಾನ ಅದು.

ಒತ್ತಡ ಹೀಗೆ ಏರಲು ಮೂರು ಕಾರಣಗಳಿವೆ. ಬಿಗಿಯಾದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ಹಿಂಡುತ್ತದೆ. ಹಿಸುಕಿದ ಪೈಪಿನಲ್ಲಿ ನೀರು ನೂಕಬೇಕಾದ ಪಂಪಿನಂತೆ ಹೃದಯ ಹೆಚ್ಚು ಬಲ ಹಾಕಬೇಕಾಗುತ್ತದೆ. ಎರಡನೆಯದು, ದುಡಿಯುವ ಸ್ನಾಯು ಮೆದುಳಿಗೆ ಕಳಿಸುವ ಸಂದೇಶ. ಅದರಿಂದ ನರಗಳು ಚುರುಕಾಗಿ ದೇಹದ ಉಳಿದ ಭಾಗದ ನಾಳಗಳೂ ಕಿರಿದಾಗುತ್ತವೆ. ಮೂರನೆಯದು, ಉಸಿರು ಕಟ್ಟಿ ಮುಕ್ಕುವುದು. ಭಾರ ಹೆಚ್ಚಾದಾಗ ನಾವೆಲ್ಲ ಅರಿವಿಲ್ಲದೆ ಉಸಿರು ಬಿಗಿಹಿಡಿಯುತ್ತೇವೆ. ಎದೆಯೊಳಗಿನ ಒತ್ತಡ ನೇರವಾಗಿ ರಕ್ತದೊತ್ತಡಕ್ಕೆ ಸೇರಿಕೊಳ್ಳುತ್ತದೆ. ಈ ಮೂರನೆಯದರ ಪಾಲು ಎಷ್ಟು ದೊಡ್ಡದೆಂದು 1995ರ ಒಂದು ಪ್ರಯೋಗ ತೋರಿಸಿತು. ಅದರಲ್ಲಿ ಭಾಗವಹಿಸಿದವರು ತಮ್ಮ ಗರಿಷ್ಠ ತೂಕವನ್ನು ಉಸಿರು ಕಟ್ಟಿ ತಳ್ಳಿದಾಗ ಒತ್ತಡ ಸರಾಸರಿ 311/284 ಮುಟ್ಟಿತ್ತು. ಅವರೇ ನಿಧಾನವಾಗಿ ಉಸಿರು ಬಿಡುತ್ತಾ ತಳ್ಳಿದಾಗ 198/175ರಲ್ಲಿ ನಿಂತಿತು. ತೂಕ ಒಂದೇ, ಕಾಲುಗಳೂ ಅವೇ. ಬಾಯಿ ತೆರೆದು ಉಸಿರು ಬಿಟ್ಟಿದ್ದಷ್ಟೇ ವ್ಯತ್ಯಾಸ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒತ್ತಡ ಎಷ್ಟು ಏರುತ್ತದೆ ಎಂಬುದು ಎತ್ತಿದ ಕಿಲೋಗಳನ್ನು ಮಾತ್ರ ಅವಲಂಬಿಸಿಲ್ಲ. ಎತ್ತುವವರ ಬಲಕ್ಕೆ ಆ ಭಾರ ಎಷ್ಟನೇ ಪಾಲು ಎಂಬುದೇ ಹೆಚ್ಚು ಮುಖ್ಯ. ಅಡುಗೆ ಅನಿಲದ ತುಂಬಿದ ಸಿಲಿಂಡರ್ ಸುಮಾರು 30 ಕಿಲೋ ತೂಗುತ್ತದೆ. 35 ಕಿಲೋ ಎತ್ತುವುದೇ ಕೊನೆ ಎನ್ನುವಂಥವರಿಗೆ ಅದು ಸರ್ವಶಕ್ತಿಯನ್ನೂ ಬೇಡುವ ಕೆಲಸ. 70 ಕಿಲೋ ಎತ್ತಬಲ್ಲವರಿಗೆ ಅರ್ಧಬಲವೂ ಬೇಡ. ಮೊದಲನೆಯವರು ಮುಖ ಕೆಂಪಗೆ ಮಾಡಿಕೊಂಡು ಉಸಿರು ಕಟ್ಟುತ್ತಾರೆ, ಎರಡನೆಯವರು ಮಾತಾಡುತ್ತಲೇ ಎತ್ತಿಡುತ್ತಾರೆ. ಹೃದಯದ ಮೇಲೆ ಬೀಳುವ ಹೊರೆಯಲ್ಲೂ ಅದೇ ಅಂತರವಿದೆ. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಯಸ್ಸಾದ ಗಂಡಸರಿಗೆ ಹನ್ನೆರಡು ವಾರ ಭಾರದ ವ್ಯಾಯಾಮ ಮಾಡಿಸಿ, ಮೊದಲು ಎತ್ತಿದ್ದ ಅದೇ ತೂಕವನ್ನು ಮತ್ತೆ ಎತ್ತಿಸಿ ನೋಡಿತು. ಈ ಸಲ ಅವರ ರಕ್ತದೊತ್ತಡವೂ ನಾಡಿಬಡಿತವೂ ಮೊದಲಿನಷ್ಟು ಏರಲಿಲ್ಲ. ಹಾಗಾದರೆ ‘ಭಾರ ಎತ್ತಬೇಡಿ’ ಎಂಬ ಸಲಹೆಯ ಫಲವೇನು? ಎತ್ತದವರ ಬಲ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಭಾರವಂತೂ ಬದುಕಿನಿಂದ ಪೂರ್ತಿ ಮರೆಯಾಗುವುದಿಲ್ಲ. ಮಗ ಊರಲ್ಲಿಲ್ಲದ ದಿನ, ಲಿಫ್ಟ್ ಕೆಟ್ಟ ದಿನ, ಬಸ್ಸಿಗೆ ಓಡಬೇಕಾದ ದಿನ ಅದು ಬಂದೇ ಬರುತ್ತದೆ. ಆ ದಿನ ಚಿಕ್ಕ ತೂಕವೂ ಅವರ ಪಾಲಿಗೆ ಗರಿಷ್ಠ ತೂಕವಾಗಿರುತ್ತದೆ. ರಕ್ಷಣೆಗೆಂದು ಕೊಟ್ಟ ಸಲಹೆಯೇ ಅಪಾಯದ ಕ್ಷಣವನ್ನು ತೀವ್ರಗೊಳಿಸುತ್ತದೆ.

ಎತ್ತುವ ಕ್ಷಣದ ಮಾತಾಯಿತು. ದಿನವಿಡೀ ಇರುವ ಬಿಪಿಯ ಕಥೆ ಏನು? 2023ರಲ್ಲಿ ಬ್ರಿಟನ್ನಿನ ಕ್ರೀಡಾ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ವಿಶ್ಲೇಷಣೆ 270 ಪ್ರಯೋಗಗಳನ್ನೂ ಅವುಗಳಲ್ಲಿ ಭಾಗವಹಿಸಿದ್ದ 15,827 ಜನರನ್ನೂ ಒಟ್ಟಿಗೆ ಪರಿಶೀಲಿಸಿತು. ನಡಿಗೆ, ಓಟ, ಸೈಕಲ್‌ನಂಥ ಏರೋಬಿಕ್ ವ್ಯಾಯಾಮದಿಂದ ವಿಶ್ರಾಂತಿಯ ಸಮಯದ ಮೇಲಿನ ಅಂಕಿ ಸರಾಸರಿ 4.5ರಷ್ಟು ಇಳಿದಿತ್ತು. ಭಾರ ಎತ್ತಿಳಿಸುವ ವ್ಯಾಯಾಮದಿಂದಲೂ ಹೆಚ್ಚುಕಡಿಮೆ ಅಷ್ಟೇ ಇಳಿಕೆ. ಎರಡನ್ನೂ ಸೇರಿಸಿ ಮಾಡಿದವರಲ್ಲಿ ಇಳಿಕೆ 6ರ ಆಸುಪಾಸಿಗೆ ಬಂದಿತ್ತು. ಎಲ್ಲಕ್ಕಿಂತ ಹೆಚ್ಚು, ಅಂದರೆ 8ಕ್ಕೂ ಮಿಕ್ಕಿ ಇಳಿಸಿದ್ದು ಅಲುಗಾಡದೆ ಬಿಗಿಹಿಡಿಯುವ ಐಸೊಮೆಟ್ರಿಕ್ ವ್ಯಾಯಾಮ: ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆಯೇ ಕುರ್ಚಿಯಲ್ಲಿ ಕುಳಿತ ಭಂಗಿಯಲ್ಲಿ ನಿಲ್ಲುವುದು, ಕೈಹಿಡಿಯ ಸ್ಪ್ರಿಂಗನ್ನು ಅದುಮಿ ಹಿಡಿಯುವುದು, ಇಂಥವು. ನಾಲ್ಕೈದು ಅಂಕಿ ಇಳಿದರೆ ಏನು ಮಹಾ ಎನಿಸಬಹುದು. ಆದರೆ ಔಷಧಗಳ ಕುರಿತ ದೊಡ್ಡ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮೇಲಿನ ಅಂಕಿ 5ರಷ್ಟು ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಗಂಡಾಂತರಗಳು ಶೇ 10ರಷ್ಟು ಕಡಿಮೆಯಾಗುತ್ತವೆ. ಹಾಗೆಂದು ಮಾತ್ರೆಯ ಡಬ್ಬಿ ಎಸೆಯುವಂತಿಲ್ಲ. ಸಾಮಾನ್ಯ ಪ್ರಮಾಣದ ಒಂದು ಮಾತ್ರೆ ಸುಮಾರು 9 ಅಂಕಿ ಇಳಿಸುತ್ತದೆ. ವ್ಯಾಯಾಮ ಅದರ ಜೊತೆಗೆ ನಿಲ್ಲುವ ಮದ್ದು. ಐಸೊಮೆಟ್ರಿಕ್ ಪ್ರಯೋಗಗಳಲ್ಲಿ ಬಹಳಷ್ಟು ಚಿಕ್ಕವು, ಕೆಲವೇ ವಾರಗಳವು ಎಂಬುದನ್ನೂ ನೆನಪಿಡಬೇಕು.

ಒತ್ತಡ ಏರಿಸುವ ಕೆಲಸವೇ ಒತ್ತಡ ಇಳಿಸುವುದು ವಿಚಿತ್ರವಾಗಿ ಕಂಡರೂ ಅದಕ್ಕೆ ಶರೀರದಲ್ಲೇ ವಿವರಣೆಯಿದೆ. ಬಿಗಿದ ಸ್ನಾಯು ಸಡಿಲವಾದೊಡನೆ ತಡೆದಿದ್ದ ರಕ್ತ ನುಗ್ಗಿ ಬರುತ್ತದೆ. ಆ ರಭಸ ನಾಳದ ಒಳಪದರವನ್ನು ಸವರಿದಾಗ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊಮ್ಮಿ ನಾಳ ಹಿಗ್ಗುತ್ತದೆ. ಈ ಅನಿಲ ರಕ್ತನಾಳಗಳಲ್ಲಿ ಮಾಡುವ ಕೆಲಸವನ್ನು ಕಂಡುಕೊಂಡ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂದದ್ದು ಅನೇಕರಿಗೆ ನೆನಪಿರಬಹುದು. ನಾಳ ಹೀಗೆ ಹಿಗ್ಗುವುದರಿಂದ ವ್ಯಾಯಾಮ ಮುಗಿದ ಮೇಲೆ ಕೆಲವು ಗಂಟೆಗಳ ಕಾಲ ಬಿಪಿ ಮಾಮೂಲಿಗಿಂತ ಕೆಳಗಿರುತ್ತದೆ. ಬಿಪಿ ಹೆಚ್ಚಿರುವವರಲ್ಲಿ ಈ ಇಳಿತ ಇನ್ನೂ ಎದ್ದು ಕಾಣುತ್ತದೆ. ವಾರಕ್ಕೆ ಎರಡು ಮೂರು ಸಲದಂತೆ ತಿಂಗಳುಗಟ್ಟಲೆ ಇದು ಮರುಕಳಿಸಿದಾಗ ನಾಳಗಳು ಹಿಗ್ಗುವ ಗುಣವನ್ನು ಉಳಿಸಿಕೊಳ್ಳುತ್ತವೆ. ಜೊತೆಗೆ ಸ್ನಾಯು ಬೆಳೆದಷ್ಟೂ ರಕ್ತದ ಸಕ್ಕರೆಗೆ ಹೋಗಿ ಸೇರಲು ಜಾಗ ಸಿಗುತ್ತದೆ. ಬಿಪಿ ಮತ್ತು ಸಕ್ಕರೆ ಕಾಯಿಲೆ ಒಂದೇ ಮನೆಯಲ್ಲಿ, ಎಷ್ಟೋ ಸಲ ಒಂದೇ ಮೈಯಲ್ಲಿ ವಾಸಿಸುವ ನಮ್ಮ ನಾಡಿನಲ್ಲಿ ಇದು ಸಣ್ಣ ಲಾಭವಲ್ಲ.

ಹೃದಯದ ಆರೋಗ್ಯಕ್ಕೆ ಬಿಪಿಯಷ್ಟೇ ಮುಖ್ಯವಾದ, ಆದರೆ ಯಾರೂ ಅಷ್ಟಾಗಿ ಗಮನಿಸದ ಇನ್ನೊಂದು ಅಳತೆಯಿದೆ. ಶ್ರಮ ನಿಲ್ಲಿಸಿದ ಮೊದಲ ನಿಮಿಷದಲ್ಲಿ ನಾಡಿಬಡಿತ ಎಷ್ಟು ಇಳಿಯುತ್ತದೆ ಎಂಬುದೇ ಅದು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು ಟ್ರೆಡ್‌ಮಿಲ್ ಪರೀಕ್ಷೆಗೆ ಬಂದಿದ್ದ 2,428 ಜನರನ್ನು ಆರು ವರ್ಷ ಹಿಂಬಾಲಿಸಿ 1999ರಲ್ಲಿ ವರದಿ ಕೊಟ್ಟರು. ಮೊದಲ ನಿಮಿಷದಲ್ಲಿ ಬಡಿತ 12 ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ ಸಾವಿನ ಪ್ರಮಾಣ ಉಳಿದವರ ನಾಲ್ಕರಷ್ಟಿತ್ತು. ವಯಸ್ಸು, ಇತರ ಕಾಯಿಲೆಗಳ ಪಾಲನ್ನು ಕಳೆದ ಮೇಲೂ ಎರಡರಷ್ಟು ಉಳಿಯಿತು. ಹೃದಯಕ್ಕೆ ಕಡಿವಾಣ ಹಾಕುವ ವೇಗಸ್ ನರ ಎಷ್ಟು ಬೇಗ ಹಿಡಿತಕ್ಕೆ ಮರಳುತ್ತದೆ ಎಂಬುದರ ಸೂಚನೆ ಇದು. ಇದನ್ನು ಸುಧಾರಿಸುವಲ್ಲಿ ನಡಿಗೆ, ಸೈಕಲ್‌ಗಳ ಪರವಾಗಿರುವ ಪುರಾವೆ ಗಟ್ಟಿಯಾಗಿದೆ; ಭಾರದ ವ್ಯಾಯಾಮದಿಂದಲೂ ಸುಧಾರಣೆ ಕಂಡ ಪ್ರಯೋಗಗಳಿವೆಯಾದರೂ ಅವು ಚಿಕ್ಕವು. ಅಷ್ಟೇ ಅಲ್ಲ, ಭಾರ ಎತ್ತಿದ ತಕ್ಷಣ ವೇಗಸ್ ನರ ಚೇತರಿಸಿಕೊಳ್ಳುವುದು ಸೈಕಲ್ ತುಳಿದ ನಂತರಕ್ಕಿಂತ ನಿಧಾನ. ಹಾಗಾಗಿ ಕೊನೆಯ ಸುತ್ತು ಮುಗಿದೊಡನೆ ಧೊಪ್ಪನೆ ಕೂರದೆ ಐದಾರು ನಿಮಿಷ ಮೆಲ್ಲಗೆ ಅಡ್ಡಾಡುವುದು ಒಳ್ಳೆಯದು. ನಡಿಗೆ ಬಿಟ್ಟು ಭಾರ ಎತ್ತಿ ಎಂದು ಯಾರೂ ಹೇಳುತ್ತಿಲ್ಲ. ನಡಿಗೆಯೊಂದೇ ಸಾಕು ಎಂಬುದನ್ನಷ್ಟೇ ಇಲ್ಲಿ ಪ್ರಶ್ನಿಸುತ್ತಿರುವುದು.

ಹೃದಯಾಘಾತವಾದವರ ವಿಷಯದಲ್ಲಿ ಭಯ ಇನ್ನೂ ದೊಡ್ಡದು, ಅದರ ಇತಿಹಾಸವೂ ಹಳೆಯದು. ಎದೆನೋವಿನ ಕಾಯಿಲೆಗೆ ಆಂಜೈನಾ ಎಂದು ಹೆಸರಿಟ್ಟ ಹದಿನೆಂಟನೇ ಶತಮಾನದ ಇಂಗ್ಲಿಷ್ ವೈದ್ಯ ವಿಲಿಯಂ ಹೆಬರ್ಡನ್, ದಿನಾ ಅರ್ಧ ಗಂಟೆ ಕಟ್ಟಿಗೆ ಕುಯ್ಯುವ ನೇಮ ಹಿಡಿದು ಬಹುಮಟ್ಟಿಗೆ ಗುಣವಾದ ರೋಗಿಯೊಬ್ಬನ ಸಂಗತಿಯನ್ನು ಬರೆದಿಟ್ಟಿದ್ದ. ಆ ಸೂಚನೆಯನ್ನು ಮುಂದಿನವರು ಮರೆತರು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡುತ್ತಿರಲಿಲ್ಲ. 1950ರ ದಶಕದ ಆರಂಭದಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಬೇಗನೆ ಆರಾಮಕುರ್ಚಿಯಲ್ಲಿ ಕೂರಿಸಿದ್ದೇ ಆಗ ದೊಡ್ಡ ಸಾಹಸವೆನಿಸಿತ್ತು. 1966ರಲ್ಲಿ ಡಲ್ಲಾಸ್‌ನಲ್ಲಿ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿದ ಪ್ರಯೋಗದಲ್ಲಿ ಅವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ವಿಶ್ರಾಂತಿಯೂ ಮಿತಿ ಮೀರಿದರೆ ವಿಷವೇ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಇಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೃದಯಾಘಾತ, ಬೈಪಾಸ್, ಸ್ಟೆಂಟ್ ಆದವರ ಪುನಶ್ಚೇತನದಲ್ಲೂ ಹಗುರ ಭಾರದ ವ್ಯಾಯಾಮಕ್ಕೆ ಜಾಗ ಕೊಟ್ಟಿದೆ. ಅದಕ್ಕೊಂದು ಶಾರೀರಿಕ ತರ್ಕವೂ ಇದೆ. ಹೃದಯದ ಎಡಗೋಣೆಯ ಸ್ನಾಯುವಿಗೆ ರಕ್ತ ಹರಿಯುವುದು ಬಹುಪಾಲು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ವೇಗದ ನಡಿಗೆಯಲ್ಲಿ ಬಡಿತ ಹೆಚ್ಚಿ ಆ ಬಿಡುವು ಕಿರಿದಾಗುತ್ತದೆ. ಮಿತವಾದ ಭಾರ ಎತ್ತುವಾಗ ಬಡಿತ ಅಷ್ಟು ಏರುವುದಿಲ್ಲ, ಕೆಳಗಿನ ಅಂಕಿ ಮಾತ್ರ ಏರಿ ಹೃದಯದ ನಾಳಗಳಿಗೆ ರಕ್ತವನ್ನು ನೂಕುತ್ತದೆ. ಮಾರ್ಗದರ್ಶನದಲ್ಲಿ ಹೀಗೆ ಎತ್ತಿದ ಹೃದ್ರೋಗಿಗಳಲ್ಲಿ ಎದೆನೋವು ಟ್ರೆಡ್‌ಮಿಲ್‌ಗಿಂತ ಕಡಿಮೆ ಕಂಡುಬಂದುದಕ್ಕೆ ಇದೇ ಕಾರಣವೆಂದು ತಜ್ಞರು ವಿವರಿಸುತ್ತಾರೆ.

ಭಾರದ ವ್ಯಾಯಾಮಕ್ಕೆ ಬರುವ ಆಕ್ಷೇಪಗಳಲ್ಲಿ ಅತಿ ಗಂಭೀರವಾದದ್ದು ಜಪಾನಿನಿಂದ ಬಂತು. 2004ರಲ್ಲಿ ಅಲ್ಲಿನ ಸಂಶೋಧಕರು ಆರೋಗ್ಯವಂತ ಯುವಕರಿಂದ ನಾಲ್ಕು ತಿಂಗಳು ತೀವ್ರ ಭಾರದ ವ್ಯಾಯಾಮ ಮಾಡಿಸಿದಾಗ, ಕುತ್ತಿಗೆಯ ಮುಖ್ಯ ರಕ್ತನಾಳ ಹಿಗ್ಗುವ ಗುಣ ಶೇ 19ರಷ್ಟು ತಗ್ಗಿತ್ತು. ಗಡುಸಾದ ನಾಳ ಮುಂದೆ ಬಿಪಿ ಏರಿಸುತ್ತದೆಂಬುದು ಗೊತ್ತಿರುವ ಸಂಗತಿ. ಆದ್ದರಿಂದ ಈ ಫಲಿತಾಂಶವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದು ತೀವ್ರ ತರಬೇತಿಯ ಫಲ, ಮತ್ತು ವ್ಯಾಯಾಮ ನಿಲ್ಲಿಸಿದ ಮೇಲೆ ನಾಳ ಮೊದಲಿನಂತಾಯಿತು. ಮಿತವಾದ ಭಾರ ಬಳಸಿದ ನಂತರದ ಹಲವು ಅಧ್ಯಯನಗಳಲ್ಲಿ ಇಂಥ ಗಡುಸುತನ ಕಾಣಲಿಲ್ಲ. ಭಾರದ ಜೊತೆಗೆ ಏರೋಬಿಕ್ ವ್ಯಾಯಾಮವನ್ನೂ ಮಾಡಿದವರಲ್ಲಿ ಅದು ತಪ್ಪಿತು. ಆದ್ದರಿಂದ ಜಪಾನಿನ ಪ್ರಯೋಗ ಭಾರ ಬೇಡ ಎನ್ನುವವರಿಗಿಂತ ಅತಿ ಬೇಡ, ನಡಿಗೆ ಬಿಡಬೇಡ ಎನ್ನುವವರ ಪರವಾಗಿ ಸಾಕ್ಷಿ ಹೇಳುತ್ತದೆ.

ಕನ್ನಡಿಗರ ಮನಸ್ಸಿನಲ್ಲಿರುವ ಆಕ್ಷೇಪ ಬೇರೆಯದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಇಡೀ ರಾಜ್ಯ ತತ್ತರಿಸಿತು. ಅಷ್ಟು ಕಟ್ಟುಮಸ್ತಾದ ಮೈಯ, ವ್ಯಾಯಾಮಪ್ರಿಯ ವ್ಯಕ್ತಿಗೇ ಹೀಗಾದರೆ ಜಿಮ್ಮೇ ಅಪಾಯವಲ್ಲವೇ ಎಂಬ ಪ್ರಶ್ನೆ ಮನೆಮನೆಯಲ್ಲಿ ಎದ್ದಿತು. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಒಂದು ಸಾವಿನಿಂದ, ಅದು ಎಷ್ಟೇ ನೋವಿನದಾಗಿರಲಿ, ಕಾರಣವನ್ನು ತೀರ್ಮಾನಿಸಲಾಗದು. ಪ್ರಶ್ನೆಗೆ ಉತ್ತರ ಬೇಕಿದ್ದರೆ ಸಾವಿರಾರು ಜನರನ್ನು ನೋಡಬೇಕು. 1993ರ ಅಮೆರಿಕದ ಅಧ್ಯಯನವೊಂದು ಹೃದಯಾಘಾತವಾದ 1,228 ಜನರನ್ನು ವಿಚಾರಿಸಿ, ಭಾರೀ ಶ್ರಮದ ಮುಂದಿನ ಒಂದು ಗಂಟೆಯಲ್ಲಿ ಅಪಾಯ ಮಾಮೂಲಿಗಿಂತ ಸುಮಾರು 6 ಪಟ್ಟು ಹೆಚ್ಚುತ್ತದೆಂದು ಕಂಡಿತು. ಆದರೆ ಈ ಸರಾಸರಿಯೊಳಗೆ ಎರಡು ಬೇರೆ ಬೇರೆ ಲೋಕಗಳಿದ್ದವು. ವಾರಕ್ಕೆ ಒಂದು ಸಲವೂ ಮೈ ಬಗ್ಗಿಸದವರಲ್ಲಿ ಆ ಏರಿಕೆ 107 ಪಟ್ಟು, ವಾರಕ್ಕೆ ಐದು ಅಥವಾ ಹೆಚ್ಚು ಸಲ ಶ್ರಮಪಡುವವರಲ್ಲಿ ಬರೀ 2.4 ಪಟ್ಟು. ಯಾವುದೇ ಒಂದು ಗಂಟೆಯಲ್ಲಿ ಹೃದಯಾಘಾತವಾಗುವ ಸಂಭವವೇ ತೀರಾ ಚಿಕ್ಕದಾದ್ದರಿಂದ 107 ಪಟ್ಟು ಎಂಬ ಅಂಕಿಗೂ ಬೆಚ್ಚಬೇಕಿಲ್ಲ. ಎರಡರ ನಡುವಿನ ಅಂತರವನ್ನು ಮಾತ್ರ ಮರೆಯಬಾರದು. ಸೋಮಾರಿಯಾಗಿದ್ದ ಮೈ ಒಮ್ಮೆಲೇ ಮಾಡುವ ಸಾಹಸ ಅಪಾಯಕಾರಿ, ಪಳಗಿದ ಮೈಗೆ ಅದೇ ಶ್ರಮ ಬಹುಮಟ್ಟಿಗೆ ಮಾಮೂಲಿ. ಪಳಗಿದವರಿಗೂ ಅಪಾಯ ಶೂನ್ಯವಲ್ಲ ಎಂಬುದೂ ಇದರಲ್ಲೇ ಇದೆ. ನಾಳದೊಳಗಿನ ಕೊಬ್ಬನ್ನು, ಹುಟ್ಟಿನಿಂದ ಬಂದ ದೋಷವನ್ನು ತೋಳಿನ ದಪ್ಪ ನೋಡಿ ಹೇಳಲಾಗದು. ಎದೆಯಲ್ಲಿ ಹಿಂಡಿದಂತಾದರೆ, ತಲೆಸುತ್ತಿದರೆ ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ ಆಸ್ಪತ್ರೆಗೆ ಹೋಗಲೇಬೇಕು. ಬೇಗ ಮೈ ಬೆಳೆಸಲು ತೆಗೆದುಕೊಳ್ಳುವ ಸ್ಟೀರಾಯ್ಡ್ ಚುಚ್ಚುಮದ್ದುಗಳಂತೂ ಹೃದಯಕ್ಕೇ ಕೈ ಹಾಕುವಂಥವು. ಅವುಗಳ ಪಾಪವನ್ನು ಡಂಬೆಲ್ಸ್ ತಲೆಗೆ ಕಟ್ಟಬಾರದು.

ಇನ್ನೂ ಒಂದು ಮಾತು ಕೇಳಿಬರುತ್ತದೆ: ಹೊಲದಲ್ಲಿ, ಮಾರುಕಟ್ಟೆಯಲ್ಲಿ ಬೆವರು ಸುರಿಸುವವರಿಗೆ ಬೇರೆ ವ್ಯಾಯಾಮ ಏಕೆ? ಅವರೇನು ಕಡಿಮೆ ಭಾರ ಎತ್ತುತ್ತಾರೆಯೇ? ಎಪಿಎಂಸಿ ಪ್ರಾಂಗಣದ ಹಮಾಲರ ಬೆನ್ನು ನೋಡಿದರೆ ಪ್ರಶ್ನೆ ನ್ಯಾಯವೇ ಅನಿಸುತ್ತದೆ. ಆದರೆ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2021ರಲ್ಲಿ ಬಂದ ಕೋಪನ್‌ಹೇಗನ್ ನಗರದ ಅಧ್ಯಯನ ಬಿಡುವಿನ ವೇಳೆಯ ವ್ಯಾಯಾಮ ಹೃದಯಕ್ಕೆ ಹಿತ, ಹೊಟ್ಟೆಪಾಡಿನ ಭಾರೀ ದುಡಿಮೆ ಅಹಿತ ಎಂಬ ವಿರೋಧಾಭಾಸವನ್ನು ಕಂಡಿತು. ದುಡಿಮೆಯಲ್ಲಿ ಭಾರವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ, ಒಂದು ಸಲ ಎತ್ತಿ ಮತ್ತೊಂದು ಸಲ ಎತ್ತುವ ನಡುವೆ ವಿರಾಮವಿಲ್ಲ, ಮರುದಿನ ಮೈಗೆ ರಜೆಯಿಲ್ಲ. ಗಂಟೆಗಟ್ಟಲೆ ಏರಿದ ಒತ್ತಡ ಏರಿಯೇ ಇರುತ್ತದೆ. ಬಡತನ, ಬೀಡಿ, ನಿದ್ದೆಗೇಡು ಇವುಗಳ ಪಾಲನ್ನು ಲೆಕ್ಕದಿಂದ ಪೂರ್ತಿ ಬೇರ್ಪಡಿಸುವುದು ಕಷ್ಟ ಎಂಬುದೂ ನಿಜ. ಹಾಗಿದ್ದರೂ ಹಿತವಾಗುವುದು ಭಾರದಿಂದಷ್ಟೇ ಅಲ್ಲ, ಅಳತೆಯಿಂದ ಮತ್ತು ಬಿಡುವಿನಿಂದ ಎಂಬುದು ಇಲ್ಲಿ ಸ್ಪಷ್ಟ. ಮೈಸೂರಿನ ಗರಡಿ ಮನೆಗಳಲ್ಲಿ ದಂಡ, ಬಸ್ಕಿ, ಗದೆಯ ಸಾಧನೆಗೆ ಹೊತ್ತು, ಕ್ರಮ, ಉಸ್ತಾದರ ಕಣ್ಣು ಎಲ್ಲವೂ ಇದ್ದವು. ಬಲ ಬೆಳೆಸುವುದಕ್ಕೂ ದುಡಿದು ಸವೆಯುವುದಕ್ಕೂ ಇರುವ ವ್ಯತ್ಯಾಸವನ್ನು ಅವು ಬಲ್ಲವಾಗಿದ್ದವು.

ಅಳತೆ ಎಂದರೆ ಎಷ್ಟು? ಅಮೆರಿಕದ 2017ರ ಬಿಪಿ ಮಾರ್ಗಸೂಚಿ ವಾರಕ್ಕೆ 90ರಿಂದ 150 ನಿಮಿಷ, ಆರು ಬಗೆಯ ವ್ಯಾಯಾಮ, ಒಂದೊಂದನ್ನೂ ಹತ್ತು ಸಲದಂತೆ ಮೂರು ಸುತ್ತು ಮಾಡುವುದನ್ನು ಸೂಚಿಸಿತ್ತು. ಭಾರ ಒಬ್ಬರ ಗರಿಷ್ಠ ಶಕ್ತಿಯ ಅರ್ಧದಿಂದ ಶೇ 80ರವರೆಗೆ. ಅಷ್ಟಕ್ಕೇ ಹೆದರಬೇಕಿಲ್ಲ, ವಾರಕ್ಕೆ ಒಟ್ಟು 30ರಿಂದ 60 ನಿಮಿಷ ಬಲದ ವ್ಯಾಯಾಮ ಮಾಡುವವರಲ್ಲೇ ಸಾವು ಮತ್ತು ಹೃದ್ರೋಗದ ಅಪಾಯ ಅತಿ ಕಡಿಮೆ ಕಂಡಿದೆ ಎನ್ನುತ್ತದೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ 2023ರ ಹೇಳಿಕೆ. ಜಿಮ್ ಚಂದಾ ಇಲ್ಲದವರಿಗೆ ರಬ್ಬರ್ ಪಟ್ಟಿ, ಗೋಡೆಗೆ ಕೈಯೂರಿ ಹೊಡೆಯುವ ದಂಡ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ನೀರು ತುಂಬಿದ ಬಾಟಲಿ, ಇಷ್ಟೂ ಸಾಕು. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಇನ್ನೆರಡು ಸಲ ಎತ್ತಬಲ್ಲೆ ಅನ್ನಿಸುವಾಗಲೇ ನಿಲ್ಲಿಸಬೇಕು. ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ನಾಡಿ ನೋಡಿ ಶ್ರಮ ಅಳೆಯಲಾಗದು, ಮಾತಾಡಲು ಆಗುತ್ತಿದೆಯೇ ಎಂಬುದೇ ಅವರಿಗೆ ಅಳತೆಗೋಲು. ಬಿಪಿ 180/110ಕ್ಕಿಂತ ಮೇಲಿದ್ದು ಹತೋಟಿಗೆ ಬಾರದವರು, ವಿಶ್ರಾಂತಿಯಲ್ಲೂ ಎದೆನೋವು ಬರುವವರು, ಮಹಾಧಮನಿಯ ಊತ ಇರುವವರು ಅಥವಾ ಹೃದಯದ ಕವಾಟ ತೀರಾ ಕಿರಿದಾಗಿರುವವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ನಾಳಗಳು ತೀರಾ ಕೆಟ್ಟವರು ಸದ್ಯಕ್ಕೆ ದೂರವಿರಬೇಕು. ಹೃದಯಾಘಾತ ಅಥವಾ ಬೈಪಾಸ್ ಆದವರು ಕನಿಷ್ಠ ಐದು ವಾರ ಕಾದು, ಆ ಅವಧಿಯಲ್ಲೇ ನಾಲ್ಕು ವಾರ ಮೇಲ್ವಿಚಾರಣೆಯ ನಡಿಗೆ ಮುಗಿಸಿ, ಕೈಗಳಿಗೆ ತಮ್ಮ ಬಲದ ಶೇ 30–40, ಕಾಲುಗಳಿಗೆ ಶೇ 50–60ರಿಂದ ಆರಂಭಿಸುವುದು ಸಾಮಾನ್ಯ ಕ್ರಮ. ಎದೆಮೂಳೆ ಕೂಡುವವರೆಗೆ ತೋಳಿನ ಭಾರದ ವಿಷಯದಲ್ಲಿ ಶಸ್ತ್ರವೈದ್ಯರ ಮಾತೇ ಅಂತಿಮ.

ಇಷ್ಟೆಲ್ಲ ಷರತ್ತು ಇರುವ ವ್ಯಾಯಾಮಕ್ಕಿಂತ ‘ಎತ್ತಬೇಡಿ’ ಎಂಬ ಒಂದೇ ಮಾತು ಹೇಳುವುದು ಸುಲಭ. ಐದು ನಿಮಿಷದಲ್ಲಿ ರೋಗಿಯನ್ನು ನೋಡಿ ಕಳಿಸಬೇಕಾದ ವೈದ್ಯರಿಗೆ ಅದೇ ಸುರಕ್ಷಿತವಾಗಿಯೂ ಕಾಣಬಹುದು. ಆದರೆ ಆ ಮಾತಿನ ಬೆಲೆಯನ್ನು ರೋಗಿ ಮುಂದೆ ತೆರಬೇಕಾಗುತ್ತದೆ: ಮೆಟ್ಟಿಲು ಹತ್ತಲಾರದ ತೊಡೆ, ಜಾರಿದರೆ ಹಿಡಿದು ನಿಲ್ಲಲಾರದ ಕೈ, ಸಣ್ಣ ಹೊರೆಗೂ ಗಾಬರಿಯಾಗುವ ಹೃದಯ. ಮುಂದಿನ ಸಲ ಬಿಪಿ ತೋರಿಸಲು ಹೋದಾಗ ‘ನಾನು ಎಷ್ಟು ಭಾರದಿಂದ ಶುರುಮಾಡಲಿ, ಏನನ್ನು ಮಾಡಬಾರದು’ ಎಂದು ವೈದ್ಯರನ್ನು ಕೇಳಿ. ಕೆಲವರಿಗೆ ‘ಈಗ ಬೇಡ’ ಎಂಬ ಉತ್ತರ ಬರುತ್ತದೆ, ಅದಕ್ಕೆ ಕಾರಣವೂ ಇರುತ್ತದೆ. ಹೆಚ್ಚಿನವರಿಗೆ ಒಂದು ಅಳತೆ ಸಿಗುತ್ತದೆ. ಉಪ್ಪು, ಮಾತ್ರೆ, ನಡಿಗೆಯ ಚೀಟಿಯಲ್ಲಿ ಆ ಅಳತೆಯೂ ಒಂದು ಸಾಲಾಗಿ ಸೇರಲಿ.